ಬೇರು ಹರಿಯದ ಅಣಬೆ

ಆರಿದ್ರಾ ಮಳೆ ಜೋರಾಗಿ ಹೊಡೆದು ನಿಂತಿತ್ತು. ಗೊಳಸಂಗಿಯ ದನಗಳು ಮನೆಗೆ ತಿರುಗುವ ಹೊತ್ತಿಗೆ ನಾಜಿಮಾ ನಮ್ಮ ಲಿಂಬೆ ತೋಟಕ್ಕೆ ಬಂದಳು. ನಮ್ಮ ತೋಟ ಎಂದೆ, ನನ್ನದಲ್ಲ. ಹಳೆಯ ಕೊಲ್ಹಾರ ಅಣೆಕಟ್ಟಿನ ನೀರಿಗೆ ಹೋದಾಗ ನಮ್ಮ ಓಣಿಯವರು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಗಂಡ ಮೊದಲೇ ತೀರಿದ್ದ, ಮಕ್ಕಳಾಗಿರಲಿಲ್ಲ. ಕಾವಲಿಗೆಂದು ಇಲ್ಲಿಗೆ ಬಂದವಳು ಇಲ್ಲಿಯೇ ಉಳಿದೆ.

ಹುಡುಗಿ ಕಾಲೇಜಿನಲ್ಲಿ ಅಣಬೆಗಳ ವಂಶಾವಳಿ ಓದುತ್ತಿದ್ದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಿರುಗಿ, ಜಾಲಿಗಿಡಕ್ಕೆ ಕಿವಿಯ ಹಾಗೆ ಅಂಟುವುದು, ತಿಪ್ಪೆಯಲ್ಲಿ ಏಳುವುದು, ಎಲ್ಲವನ್ನೂ ಪೊಟ್ಟಣ ಕಟ್ಟಿ ತಂದಿದ್ದಳು. ಹುತ್ತದ ಅಣಬೆಯೊಂದೇ ಬಾಕಿ. ಮೋರಟಗಿಯಲ್ಲಿ ಒಂದು ಸಿಕ್ಕರೂ ಅಗೆಯುವಾಗ ಬೇರು ಹರಿದಿತ್ತಂತೆ. ನಮ್ಮ ಬದುವಿನ ಹುತ್ತದಲ್ಲಿ ವರ್ಷವೂ ಏಳುತ್ತದೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು.

"ನಸುಕಿನ್ಯಾಗ ಏಳತೈತಿ, ಮಧ್ಯಾಹ್ನಕ್ಕ ಹುಳ ಬೀಳತೈತಿ. ನೀ ಬಸ್ ಹಿಡದು ಬರೂದ್ರಾಗ ಮುಗದಿರತೈತಿ. ಇಲ್ಲೇ ಇರು," ಎಂದೆ.

"ನಿಮಗ ತ್ರಾಸ ಆಗೂದಿಲ್ರಿ, ಆಯಿ?"

"ನೀ ಗೊರಕಿ ಹೊಡದ್ರ ಆಗತೈತಿ."

ಹೊಡೆದಳು. ಎಷ್ಟೋ ವರ್ಷದ ಮೇಲೆ ನನ್ನ ಗುಡಿಸಲಲ್ಲಿ ಇನ್ನೊಂದು ಉಸಿರು. ನನಗೆ ಒಳ್ಳೆಯ ನಿದ್ದೆ ಬಂತು.

ಒಂದು ವಾರ ಹಾಗೆಯೇ ನಡೆಯಿತು. ನಸುಕಿಗೆದ್ದು ಹುತ್ತ ನೋಡುವುದು, ಬರಿಗೈಲಿ ಬರುವುದು. ನಾನು ರೊಟ್ಟಿ ಬಡಿದರೆ ಅವಳು ಒಲೆಗೆ ಕಟ್ಟಿಗೆ ನೂಕುತ್ತ ಮಾತಾಡುವಳು.

"ಮೊದಲ ಇವಕ್ಕ ಛತ್ರಿ ಇದ್ದಿಲ್ರಿ ಆಯಿ. ಕಟಗಿಗೆ ಹಕ್ಕಳಿ ಹಂಗ ಅಂಟಿಕೊಂಡು ಇರತಿದ್ವು. ಆಮ್ಯಾಲ ಒಂದು ಛತ್ರಿ ಬಿಚ್ಚಿತು, ಒಂದು ಚೆಂಡಾತು, ಒಂದು ಕಿವಿ ಆತು."

"ಯಾವಾಗಿನ ಮಾತು?"

"ಕೋಟಿಗಟ್ಟಲೆ ವರ್ಷಾತ್ರಿ. ಮನಷ್ಯಾರು ಇನ್ನೂ ಹುಟ್ಟಿದ್ದಿಲ್ಲ."

"ಹಂಗಾರ ನೀ ಏನಂದ್ರೂ ನಡೀತೈತಿ ಬಿಡು. ನೋಡಿದಾವ್ರು ಯಾರದಾರ?"

ಅವಳು ನಕ್ಕುಬಿಟ್ಟಳು. "ಅವುಗಳ ಮೈಯಾಗ ಗುರುತು ಇರತೈತ್ರಿ. ಒಂದಕ್ಕೊಂದು ಹಚ್ಚಿ ನೋಡಿದ್ರ, ಯಾರು ಯಾರಿಂದ ಒಡದು ಹೋದ್ರು ಅಂತ ತಿಳೀತೈತಿ."

ಹುತ್ತದ ಅಣಬೆಯನ್ನು ಯಾವುದೋ ಕಾಲಕ್ಕೆ ಗೆದ್ದಲು ತನ್ನ ಮನೆಯೊಳಗೆ ಕರೆದುಕೊಂಡಿತಂತೆ. ಅಂದಿನಿಂದ ಅದಕ್ಕೆ ಹೊರಗೆ ಬಾಳುವೆಯಿಲ್ಲ, ಗೆದ್ದಲಿಗೂ ಅದಿಲ್ಲದೆ ಊಟವಿಲ್ಲ. ಇದನ್ನು ಕೇಳುತ್ತ ಕೂತೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ನಮ್ಮ ಅತ್ತೆ ಹುತ್ತದ ಅಣಬೆಯನ್ನು ಕೀಳಗೊಡುತ್ತಿರಲಿಲ್ಲ. ಮಣ್ಣಿನ ಮಟ್ಟಕ್ಕೆ ಕೊಯ್ಯಬೇಕು, ಬೇರು ಹುತ್ತದ್ದು ಎನ್ನುವಳು. ಅದನ್ನು ಹೇಳಿದಾಗ ನಾಜಿಮಾ ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟಳು.

"ನನಗ ಬೇರಿನ ತುದಿ ಬೇಕ್ರಿ ಆಯಿ. ಅಲ್ಲಿ ಗೆದ್ದಲು ಬೆಳಸಿದ ತೋಟ ಇರತೈತಿ. ಅದರ ಚೂರು ಸಿಕ್ರ ನನ್ನ ಕೆಲಸ ಮುಗೀತು. ಹರೀತಂದ್ರ ಮುಂದಿನ ಮಳಿಗೆ ಮತ್ತ ಬರಬೇಕು. ನೀವು ಬ್ಯಾಡಂದ್ರ ನಾ ಹುತ್ತ ಮುಟ್ಟೂದಿಲ್ಲ."

ಬುಧವಾರ ನಸುಕಿಗೆ ಹುತ್ತದ ಮೈ ಬಿರಿದು, ಬಿಳಿ ಮೊಗ್ಗುಗಳು ತಲೆ ಹೊರಗಿಟ್ಟಿದ್ದವು. ನಾನೇ ಮೊದಲು ಕಂಡೆ.

"ಬಾರ ಯವ್ವಾ, ಬಂದಾವು," ಎಂದು ಕರೆದೆ.

ಒಂದನ್ನು ಮಾತ್ರ ಅಗೆಯಲು ಒಪ್ಪಿದ್ದೆ, ಉಳಿದವನ್ನು ಅತ್ತೆ ಹೇಳಿದಂತೆ ಮಟ್ಟಕ್ಕೆ ಕೊಯ್ಯುವುದು. ಅಗೆಯಲು ನಾನೇ ಕುರಪಿ ಹಿಡಿದು ಕೂತೆ. ಅವಳ ಕೈಗೆ ನಮ್ಮ ಮಣ್ಣಿನ ಗುಣ ತಿಳಿಯದು. ಬೇರು ಇಳಿದಂತೆ ತೆಳುವಾಗುತ್ತ, ಕೊನೆಗೆ ದಾರದಷ್ಟಾಯಿತು. ಒಂದು ಕಲ್ಲಿನ ಮಗ್ಗುಲಲ್ಲಿ ಅದು ಹೊರಳಿತ್ತು. ಅಲ್ಲಿ ಕುರಪಿಯ ಬಾಯಿ ಬೇರಿಗೆ ತಾಕಿ ನಿಂತಿತು. ಇನ್ನು ಚೂರು ಒತ್ತಿದರೆ ಸಾಕು. ಮುಂದಿನ ಆರಿದ್ರಕ್ಕೆ ಈ ಹುಡುಗಿ ಮತ್ತೆ ಬರುತ್ತಾಳೆ, ಒಲೆಯ ಮುಂದೆ ಕೂಡುತ್ತಾಳೆ. ಕಲ್ಲಿಗೆ ತಾಕಿ ಹರಿಯಿತು ಎಂದರೆ ಯಾರು ಅಲ್ಲ ಎನ್ನುವರು?

"ಯಾಕ ನಿಂತ್ರಿ, ಆಯಿ?"

"ಕಣ್ಣಾಗ ಮಣ್ಣು ಬಿತ್ತು."

ಕುರಪಿ ಪಕ್ಕಕ್ಕಿಟ್ಟೆ. ಬೆರಳಿನಿಂದಲೇ ಕೆರೆದೆ. ಉಗುರಿನಲ್ಲಿ ರಕ್ತ ಬಂತು. ಬಿಸಿಲು ಬೆನ್ನಿಗೇರುವ ಹೊತ್ತಿಗೆ ಬೇರು ಇಡಿಯಾಗಿ ಕೈಗೆ ಬಂತು. ತುದಿಗೆ ಜೇನುಹುಟ್ಟಿನಂಥ ಬೂದು ಚೂರು, ಅದರ ತುಂಬ ಸಜ್ಜೆಗಿಂತ ಸಣ್ಣ ಬಿಳಿ ಕಾಳು. ಕೆಲವು ಗೆದ್ದಲು ಅದನ್ನು ಬಿಡದೆ ಅಂಟಿಕೊಂಡೇ ಬಂದಿದ್ದವು. ನಾಜಿಮಾ ನನ್ನ ಮಣ್ಣುಗೈಗಳನ್ನು ಹಿಡಿದು ಅತ್ತಳು, ನಕ್ಕಳು.

ತೆಗ್ಗಿಗೆ ನಾವಿಬ್ಬರೂ ಮಣ್ಣು ಮುಚ್ಚಿದೆವು. ಮುಂದಿನ ಮಳೆಗೆ ಅದರಲ್ಲಿ ಏನಾದರೂ ಏಳುತ್ತದೋ ಇಲ್ಲವೋ, ಅವಳಿಗೂ ಗೊತ್ತಿರಲಿಲ್ಲ. ಉಳಿದ ಅಣಬೆಯ ಪಲ್ಯ ಮಾಡಿದೆ. ಅವಳು ತಟ್ಟೆ ಬಳಿದು ಉಂಡಳು.

ಮರುದಿನ ಬಾಗೇವಾಡಿಯ ಮೊದಲ ಬಸ್ಸಿಗೆ ನಾಜಿಮಾ ಹೋದಳು. ಅವತ್ತು ರಾತ್ರಿ ಗುಡಿಸಲಲ್ಲಿ ಮತ್ತೆ ನನ್ನದೊಂದೇ ಉಸಿರು.