ಏಳನೇ ನಿಯಮ

ನಾಟಿಂಗ್‌ಹ್ಯಾಮಿನ ಕನ್ನಡಿಗರು ಸಂಘ ಕಟ್ಟಲು ಹೊರಟಾಗ ನಿಯಮಾವಳಿ ಬರೆಯುವ ಕೆಲಸ ಅಹಲ್ಯಾಳ ಪಾಲಿಗೆ ಬಂತು. ಯೂನಿವರ್ಸಿಟಿಯಲ್ಲಿ ಹನ್ನೆರಡು ವರ್ಷದಿಂದ ಅಮೆರಿಕದ ಸಂವಿಧಾನದ ಇತಿಹಾಸ ಹೇಳಿಕೊಡುವವಳು. ಬೇರೆ ಯಾರನ್ನು ಕೇಳುತ್ತಾರೆ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಸೇರಿದವರು ಅಧ್ಯಕ್ಷನಿಗೆ ಅಷ್ಟು ಅಧಿಕಾರ ಕೊಟ್ಟದ್ದು ಅಧ್ಯಕ್ಷನಾಗುವ ವಾಷಿಂಗ್ಟನ್ ಎದುರಿಗೇ ಕೂತಿದ್ದಾನೆ ಎಂಬ ಧೈರ್ಯದಿಂದ ಎಂದು ಅವಳು ಪ್ರತಿ ವರ್ಷ ಪಾಠ ಮಾಡುತ್ತಿದ್ದಳು. ಇಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ತನ್ನನ್ನೇ ಕಲ್ಪಿಸಿಕೊಂಡು ಬರೆದಳು. ಸಮಿತಿ ಏನೇ ತೀರ್ಮಾನಿಸಲಿ, ಅಧ್ಯಕ್ಷರ ಸಹಿ ಇಲ್ಲದೆ ನಡೆಯದು ಎಂಬುದು ಏಳನೇ ನಿಯಮ. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಆಮೇಲೆ ಭಾಗೀರಥಿಯನ್ನು ಅಧ್ಯಕ್ಷೆ ಮಾಡಿದರು.

ಭಾಗೀರಥಿ ಆಸ್ಪತ್ರೆಯಲ್ಲಿ ನರ್ಸ್. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಜಿಪಿ ಡಾಕ್ಟರು ಸಿಗುತ್ತಿಲ್ಲ, ಎಲ್ಲ ಅವಳಿಗೆ ಗೊತ್ತು. ಊರಿಗೆಲ್ಲ ಅವಳು ಅಕ್ಕ, ಅಹಲ್ಯಾ ಮಾತ್ರ ಮೇಡಂ. ಸಂವಿಧಾನದ ಬಗ್ಗೆ ಅವಳಿಗೇನು ಗೊತ್ತು, ಮಣ್ಣು! ಅಹಲ್ಯಾಳಿಗೆ ಹೊಟ್ಟೆ ಉರಿಯಿತು. ಎಷ್ಟು ಉರಿಯಿತೆಂದರೆ, ಆ ದಿನ ಟ್ರಾಮಿನಲ್ಲಿ ಇಳಿಯುವ ಸ್ಟಾಪೇ ದಾಟಿಹೋಯಿತು.

ಸಮಿತಿಯ ಮೊದಲ ಸಭೆಯಲ್ಲೇ ಎದ್ದು ನಿಂತಳು. “ಏಳನೇ ನಿಯಮ ತೆಗೀಬೇಕು. ಒಬ್ಬರ ಕೈಯಲ್ಲಿ ಅಷ್ಟು ಅಧಿಕಾರ ಇರಬಾರದು. ವಾಷಿಂಗ್ಟನ್ ಆದ್ಮೇಲೆ ಎಂಥವರು ಬರ್ತಾರೋ ಅಂತ ಅವತ್ತೇ ಹೆದರಿದವರಿದ್ರು.”

“ನೀವೇ ಬರೆದದ್ದಲ್ವಾ ಮೇಡಂ?” ಎಂದ ಕಾರ್ಯದರ್ಶಿ ಚಿದಾನಂದ.

“ನಾನೇ. ತಪ್ಪಾಗಿದೆ.”

ಅಷ್ಟಕ್ಕೇ ಬಿಡಲಿಲ್ಲ. ಹಾಲ್ ಬುಕಿಂಗ್, ಕಾರ್ಯಕ್ರಮದ ಆಯ್ಕೆ, ಅತಿಥಿಗಳ ಪಟ್ಟಿ, ಒಂದೊಂದನ್ನೇ ಅಧ್ಯಕ್ಷರಿಂದ ಕಿತ್ತು ಸಮಿತಿಗೆ ಕೊಡಿಸಿದಳು. ಅಧ್ಯಕ್ಷರಿಗೆ ಉಳಿದದ್ದು ಸ್ವಾಗತ ಭಾಷಣ ಒಂದೇ. ಏಳು ಕೈ ಮೇಲೆದ್ದವು. ಏಳನೇ ನಿಯಮದಂತೆ ಇದಕ್ಕೂ ಭಾಗೀರಥಿಯ ಸಹಿ ಬೇಕು. ಅವಳು ಒಲ್ಲೆ ಎಂದರೆ ಎಲ್ಲ ಅಲ್ಲಿಗೇ ಬಿತ್ತು. ಅನ್ನಲಿ, ಅವಳ ಕುರ್ಚಿಯಾಸೆ ನಾಲ್ಕು ಜನರಿಗೆ ಕಾಣಲಿ ಎಂದು ಅಹಲ್ಯಾ ಒಳಗೊಳಗೇ ಹಾರೈಸಿದಳು.

ಭಾಗೀರಥಿ ನಿಧಾನವಾಗಿ ಪೂರ್ತಿ ಓದಿ ಸಹಿ ಹಾಕಿದಳು.

“ನಾನೂ ಒಂದು ವಿಷಯ ಹೇಳ್ಬೇಕಿತ್ತು,” ಎಂದಳು. “ಮುಂದಿನ ತಿಂಗಳಿಂದ ನನ್ನ ರೋಟಾ ಬದಲಾಗ್ತಿದೆ, ಎಲ್ಲ ವೀಕೆಂಡೂ ಡ್ಯೂಟಿ. ನನ್ನ ಕೈಲಾಗಲ್ಲ. ಈ ಜಾಗಕ್ಕೆ ಅಹಲ್ಯಾ ಅವರೇ ಸರಿ ಅಂತ ಹೇಳಿ ಹೋಗೋಣ ಅಂತಾನೇ ಇವತ್ತು ಬಂದೆ.”

ಮತ್ತೆ ಕೈಗಳೆದ್ದವು. ಈ ಸಲ ಯಾರೂ ಯೋಚಿಸಲೂ ಇಲ್ಲ.

“ಆ ಏಳನೇ ನಿಯಮ... ಇನ್ನೊಂದ್ಸಲ ನೋಡೋಣ್ವಾ?” ಎಂದಳು ಅಹಲ್ಯಾ ಮೆಲ್ಲಗೆ.

“ಅದು ಮುಗೀತಲ್ಲ ಮೇಡಂ,” ಎಂದ ಚಿದಾನಂದ, ಬರೆಯುತ್ತಲೇ. “ಅಕ್ಕ ಸಹಿ ಹಾಕಿ ಆಯ್ತು.”