ಸೀಸದ ಲಂಗ

"ಏಯ್ ಕಡ್ಡಿ! ಚಾದರ ಹಿಂಡು ಅಂದ್ರೆ ಚಾದರನೇ ನಿನ್ನ ಹಿಂಡ್ತಾ ಇದೆಯಲ್ಲೇ ಮುಂಡೇದೆ! ಈ ತಿಂಗಳು ನೋಡ್ತೀನಿ. ಆಗಲ್ಲ ಅಂದ್ರೆ ಗಂಟು ಕಟ್ಟು. ಇದೇನು ನಿಮ್ಮಪ್ಪ ಕಟ್ಟಿಸಿದ ಛತ್ರ ಅಂದ್ಕೊಂಡಿದೀಯಾ?"

ಲಾಂಡ್ರಿಯ ಮೇಸ್ತ್ರಿ ಬಾಯಿ ತೆರೆದರೆ ಬರುವುದೇ ಇಂಥ ಮುತ್ತು. ಕಡ್ಡಿ ಚಾದರದ ತುದಿಯನ್ನು ಮತ್ತೆ ತಿರುಚತೊಡಗಿದಳು. ದೊಡ್ಡ ದೊಡ್ಡ ಹೋಟೆಲುಗಳ ಚಾದರ, ಟವೆಲು, ಪರದೆಗಳೆಲ್ಲ ಆ ಶೆಡ್ಡಿಗೇ ಬರುತ್ತಿದ್ದವು. ಒಣಗಿದ ಚಾದರವನ್ನು ಮಗುವೂ ಎತ್ತೀತು, ನೆನೆದದ್ದು ಹೆಣಭಾರ. ಒಂದು ಕಾಲದಲ್ಲಿ ಅವಳು ನಾಲ್ಕನ್ನು ಒಟ್ಟಿಗೆ ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತುತ್ತಿದ್ದಳು. ಈಗ ಒಂದನ್ನು ಹೊತ್ತು ಅರ್ಧ ಮೆಟ್ಟಿಲಿಗೆ ಬರುವಷ್ಟರಲ್ಲಿ ಕಣ್ಣು ಕತ್ತಲಿಡುತ್ತಿತ್ತು.

ಗಂಡ ಸಾಯುವಾಗ ಬಿಟ್ಟುಹೋದ ಆಸ್ತಿ ಎರಡೇ. ಒಂದು ಕಬ್ಬಿಣದ ಮಂಚ, ಇನ್ನೊಂದು ಎಚ್‌ಐವಿ. ಮಂಚದ ಮೇಲೆ ಈಗ ಅವ್ವ ಮಲಗಿದ್ದಳು, ಅರ್ಧ ಮೈ ಸ್ವಾಧೀನ ತಪ್ಪಿ. ದಿನಕ್ಕೆ ನಾಲ್ಕು ಸಲ ಅವಳನ್ನು ಎತ್ತಿ ಕೂರಿಸಬೇಕು, ಕಕ್ಕಸಿಗೆ ಒಯ್ಯಬೇಕು. ಹೋದ ವಾರ ಎತ್ತುವಾಗ ಇಬ್ಬರೂ ನೆಲಕ್ಕೆ ಬಿದ್ದರು.

"ಇನ್ಮೇಲೆ ನಾನೇ ನಿನ್ನ ಎತ್ತಬೇಕು ಕಣೇ," ಎಂದು ಅವ್ವ ಸೊಟ್ಟ ಬಾಯಲ್ಲಿ ನಕ್ಕಳು. ಕಡ್ಡಿಯೂ ನಕ್ಕಳು. ಆಮೇಲೆ ನೆಲದ ಮೇಲೆ ಕೂತಲ್ಲೇ ಇಬ್ಬರೂ ಅತ್ತರು.

ಸರ್ಕಾರಿ ಕ್ಲಿನಿಕ್ಕಿನಲ್ಲಿ ಒಂದು ನಿಯಮವಿತ್ತು. ತೂಕ ಇಳಿಯದವರಿಗೆ ತಿಂಗಳಿಗೊಮ್ಮೆ ಮಾತ್ರೆ, ಇಳಿದವರು ವಾರವಾರವೂ ಬರಬೇಕು. ನರ್ಸಮ್ಮನ ಪ್ರಕಾರ ತೂಕ ಇಳಿಯುವುದು ಕಳ್ಳಿಯರಿಗೆ ಮಾತ್ರ. "ಮಾತ್ರೆ ಚರಂಡಿಗೆ ಹಾಕ್ತೀರಿ, ಬಂದು ಇಲ್ಲಿ ಅಳ್ತೀರಿ." ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದ ಕಡ್ಡಿಗೆ ಈ ಮಾತು ಚುಚ್ಚುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ವಾರಕ್ಕೊಂದು ದಿನ ಕೆಲಸ ತಪ್ಪಿಸಿದರೆ ಮೇಸ್ತ್ರಿ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಿದ್ದ. ಸಾಲಿನಲ್ಲಿ ನಿಂತ ಹೆಚ್ಚಿನ ಹೆಂಗಸರು ಇದಕ್ಕೆ ಒಂದೊಂದು ದಾರಿ ಕಂಡುಕೊಂಡಿದ್ದರು. ಒಬ್ಬಳು ಸೊಂಟಕ್ಕೆ ಕಲ್ಲು ಕಟ್ಟುತ್ತಿದ್ದಳು, ಇನ್ನೊಬ್ಬಳು ಹೊಟ್ಟೆ ಬಿರಿಯುವಷ್ಟು ನೀರು ಕುಡಿಯುತ್ತಿದ್ದಳು. ಕಡ್ಡಿಗೆ ಸಿಕ್ಕಿದ್ದು ಪರದೆಗಳು. ಗಾಳಿಗೆ ಹಾರದಿರಲೆಂದು ಹೋಟೆಲಿನ ಪರದೆಗಳ ಅಂಚಿನಲ್ಲಿ ಸೀಸದ ಬಿಲ್ಲೆ ಹೊಲಿದಿರುತ್ತಾರೆ. ಹರಿದ ಪರದೆಗಳಿಂದ ಅವನ್ನು ಬಿಚ್ಚಿ ತಂದು ಒಳಲಂಗದ ಅಂಚಿಗೆ ಸುತ್ತಲೂ ಹೊಲಿದಳು. ಮೈ ಇಳಿದಷ್ಟೂ ಬಿಲ್ಲೆ ಏರಿತು. ಆರು ತಿಂಗಳೂ ಅವಳ ಕಾರ್ಡಿನಲ್ಲಿ ನಲವತ್ನಾಲ್ಕೇ ಕಿಲೋ.

ಅಷ್ಟರಲ್ಲಿ ಕ್ಲಿನಿಕ್ಕಿಗೆ, ತೂಕ ಇಳಿದವರಿಗೆಂದೇ, ಮೈ ತುಂಬಿಸುವ ಹಾರ್ಮೋನಿನ ಸೂಜಿ ಬಂತು.

ಅದನ್ನು ಮೊದಲು ಹಾಕಿಸಿಕೊಂಡವಳು ಗುಬ್ಬಿ. ಕಲ್ಲು ಕಟ್ಟುವ ಜಾಣತನವಿಲ್ಲದೆ ವಾರವಾರ ಬಂದು ಬೈಸಿಕೊಳ್ಳುತ್ತಿದ್ದ ಬಡಪಾಯಿ. ಎರಡು ತಿಂಗಳಲ್ಲಿ ಅವಳ ತೋಳು ತುಂಬಿತು, ಕೆನ್ನೆ ತುಂಬಿತು, ದನಿ ಮಾತ್ರ ಗಂಡಸಿನದಾಯಿತು.

"ಗಂಡಸರ ಹಾರ್ಮೋನಂತೆ ಕಣೇ," ಎಂದಳು ಗುಬ್ಬಿ ಗೊಗ್ಗರು ದನಿಯಲ್ಲಿ. "ಗಂಡಸರಿಂದ ರೋಗ ಬಂತು, ಔಷಧಿನಾದ್ರೂ ಅವರಿಂದ ಬರ್ಲಿ ಬಿಡು. ಗಡ್ಡ ಬಂದ್ರೂ ಚಿಂತೆ ಇಲ್ಲ, ಬಿಂದಿಗೆ ಎತ್ತೋ ಕೈ ಬಂತಲ್ಲ!"

ಕಡ್ಡಿಗೆ ಹೊಟ್ಟೆಕಿಚ್ಚಾಯಿತು, ಆಸೆಯೂ ಆಯಿತು. ಮುಂದಿನ ಸಲ ಅವಳು ಬಿಲ್ಲೆಯಿಲ್ಲದ ಬೇರೆ ಲಂಗ ಉಟ್ಟುಕೊಂಡು ಹೋದಳು. ತಕ್ಕಡಿಯ ಮುಳ್ಳು ಮೂವತ್ತೊಂಬತ್ತಕ್ಕೆ ನಿಂತಿತು.

"ತಿಂಗಳಲ್ಲಿ ಐದು ಕಿಲೋನಾ?" ನರ್ಸಮ್ಮ ಕಾರ್ಡು ತಿರುವಿದಳು. "ಏನೇ ಇದು ಆಟ?"

ನಿಜ ಹೇಳಿದರೆ ದಾರಿ ಆಗುತ್ತದೆಂದು ಕಡ್ಡಿ ನಂಬಿದಳು. ಸೀಸ, ಲಂಗ, ಮೇಸ್ತ್ರಿ ಎಲ್ಲ ಹೇಳಿಬಿಟ್ಟಳು.

"ಕೇಳಿದ್ರಾ ಡಾಕ್ಟ್ರೇ? ಆರು ತಿಂಗಳು ನಮ್ಮ ತಲೆಗೇ ಟೋಪಿ ಹಾಕಿದಾಳೆ! ಇಂಥ ಲಫಂಗಿಗೆ ಈಗ ಸೂಜಿ ಬೇಕಂತೆ."

ಡಾಕ್ಟರ್ ಬೈಯಲಿಲ್ಲ. ಒಳ್ಳೆಯವನೇ. ಕಾರ್ಡಿನ ಮೇಲೆ ಅಡ್ಡಗೆರೆ ಎಳೆಯುತ್ತ ಮೆಲ್ಲಗೆ ಹೇಳಿದ, "ನೋಡಮ್ಮ, ಹತ್ತರಲ್ಲಿ ಒಂದು ಭಾಗ ತೂಕ ಇಳಿದಿರೋದು ದಾಖಲೆಯಲ್ಲಿ ಇರಬೇಕು, ಆಗಲೇ ಸೂಜಿ. ನಿನ್ನ ಹಳೆ ದಾಖಲೆ ಎಲ್ಲ ಸುಳ್ಳು ಅಂತ ನೀನೇ ಹೇಳ್ತಿದೀಯ. ಅದೆಲ್ಲ ರದ್ದು. ಇವತ್ತಿನ ಮೂವತ್ತೊಂಬತ್ತರಿಂದ ಹೊಸದಾಗಿ ಶುರು. ಇನ್ನು ನಾಲ್ಕು ಕಿಲೋ ಇಳಿದ್ರೆ ಖಂಡಿತ ಕೊಡೋಣ."

ಕಡ್ಡಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು.

"ಇನ್ನು ನಾಲ್ಕು ಕಿಲೋ ಎಲ್ಲಿಂದ ತರ್ಲಿ ಸ್ವಾಮಿ? ಉಳಿದಿರೋದು ಮೂಳೆ. ಅದನ್ನ ಕೆತ್ತಿ ಕೊಡ್ಲಾ?"

"ವಾದ ಮಾಡ್ಬೇಡ. ನಡಿ ಆಚೆ," ನರ್ಸಮ್ಮ ರಟ್ಟೆ ಹಿಡಿದಳು. "ಇವತ್ತು ಇನ್ನೇನು ಬಚ್ಚಿಟ್ಕೊಂಡು ಬಂದಿದಾಳೋ, ಯಾರಿಗೊತ್ತು."

ಕಡ್ಡಿ ಕೈ ಕೊಸರಿಕೊಂಡಳು. ಚಪ್ಪಲಿ ಬಿಟ್ಟಳು. ಮೇಲಂಗಿ ಕಳಚಿ ನೆಲಕ್ಕೆ ಹಾಕಿದಳು, ಲಂಗದ ಲಾಡಿಯನ್ನೂ ಎಳೆದಳು. ಒಳಉಡುಪಿನಲ್ಲೇ ಮತ್ತೆ ತಕ್ಕಡಿ ಹತ್ತಿ ನಿಂತಳು. ಸಾಲಿನಲ್ಲಿದ್ದ ಹೆಂಗಸರು ಅವಳ ಬೆನ್ನನ್ನು ನೋಡಿದರು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಅವಳಿಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಆದರೂ ಕೈ ಅಡ್ಡ ಹಿಡಿಯಲಿಲ್ಲ.

"ಹುಡುಕು. ಎಲ್ಲಿ ಬಚ್ಚಿಟ್ಟಿದೀನಿ, ಹುಡುಕು. ಆಮೇಲೆ ಬರಿ."

"ಇಳಿಯೇ ಮಾನಗೆಟ್ಟವಳೇ! ಹಿಂದೆ ಇಷ್ಟು ಜನ ಕಾಯ್ತಿಲ್ವಾ? ಏಯ್, ಮುಂದಿನವಳು ಯಾರು? ಬಾ!"

ಯಾರೂ ಮುಂದೆ ಬರಲಿಲ್ಲ. ಒಬ್ಬಳು ನಿಂತಲ್ಲೇ ನೆಲಕ್ಕೆ ಕೂತಳು. ಅವಳ ಹಿಂದಿನವಳೂ ಕೂತಳು. ನೋಡುತ್ತಿದ್ದಂತೆ ಇಡೀ ಸಾಲು ಬಾಗಿಲಿಂದಾಚೆವರೆಗೆ ಕೂತುಬಿಟ್ಟಿತು.

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿ ಎದ್ದುಹೋದ. ನರ್ಸಮ್ಮ ಕಾವಲುಗಾರನನ್ನು ಕರೆಯಲು ಓಡಿದಳು. ಕಡ್ಡಿಯ ಕಾಲು ನಡುಗುತ್ತಿದ್ದುದರಿಂದ ಮುಳ್ಳೂ ನಡುಗುತ್ತಿತ್ತು. ಮನೆಯಲ್ಲಿ ಅವ್ವನನ್ನು ಎತ್ತುವ ಹೊತ್ತು ಮೀರುತ್ತಿತ್ತು. ಈಗಾಗಲೇ ಹಾಸಿಗೆ ಒದ್ದೆ ಮಾಡಿಕೊಂಡು ಬಾಗಿಲನ್ನೇ ನೋಡುತ್ತಿರುತ್ತಾಳೆ.

ಕಡ್ಡಿ ಇಳಿಯಲಿಲ್ಲ.