ಕಣ್ಣಳತೆ ಟೇಪು ಬಿಚ್ಚಿದ್ದು

ಊರೆಲ್ಲ ಆ ಟೈಲರನನ್ನು ಕಣ್ಣಳತೆ ಅಂತಲೇ ಕರೆಯುತ್ತಿತ್ತು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲ ಅವನ ಕಣ್ಣಿಗೆ ಬಿದ್ದಾಗಿರುತ್ತಿತ್ತು; ಇನ್ನೊಂದು ಗಳಿಗೆ ನಿಂತರೆ ಗಿರಾಕಿಯ ಮುತ್ತಜ್ಜನ ಸೊಂಟವನ್ನೂ ಹೇಳಿಬಿಡುತ್ತಿದ್ದ. ಪರ್ವತಕ್ಕೂ ಅಂಗಿ ಹೊಲಿದಾನು, ಕತ್ತು ಎಲ್ಲಿದೆ ಅಂತ ಪರ್ವತ ತೋರಿಸಬೇಕಷ್ಟೆ. ಅಂಗಡಿಯಲ್ಲಿದ್ದ ಒಂದೇ ಅಳತೆ ಟೇಪು, ಗಾಳಿಗೆ ಬಡಿದುಕೊಳ್ಳುವ ಬಾಗಿಲನ್ನು ಗೂಟಕ್ಕೆ ಕಟ್ಟಿಹಾಕಲು ಬಳಕೆಯಾಗುತ್ತಿತ್ತು.

ಅಂಥವನ ಮುಂದೆ ಒಂದು ಬೆಳಿಗ್ಗೆ ಮೇಷ್ಟ್ರು ಅಸ್ತರು ಹರಿದ ಹಳೇ ಕೋಟು ತಂದಿಟ್ಟರು. ಹಿಂದೆ ತಾನೇ ಹೊಲಿದುಕೊಟ್ಟಿದ್ದ ಕೋಟು; ಕಣ್ಣಳತೆ ಅದನ್ನು ಮಗುಚಿದ. ಭುಜದ ಒಳಹೊಲಿಗೆ ತನ್ನದಲ್ಲ!

“ಯಾವನ್ರೀ ಇದನ್ನ ಬಿಚ್ಚಿ ಹೊಲಿದಿದ್ದು? ಆ ಕೈ ಸೇದಿಹೋಗ!”

“ನಿಮ್ಮ ಅಂಗಡಿ ಬಿಟ್ಮೇಲೆ ಅದು ಬೇರೆ ಯಾರ ಕೈಗೂ ಹೋಗಿಲ್ಲಪ್ಪಾ,” ಅಂತ ಹೇಳಿ ಮೇಷ್ಟ್ರು ಎಡಭುಜ ನೀವಿಕೊಳ್ಳುತ್ತಾ ಎದುರಿನ ಟೀ ಅಂಗಡಿಗೆ ಹೋದರು.

ಅಂಗಡಿಯ ಮೂಲೆಯಲ್ಲಿ ಗುಂಡಿತೂತಿಗೆ ಕಾಜಾ ಹೊಲಿಯುತ್ತಿದ್ದ ಕಣ್ಣಳತೆಯ ಹೆಂಡತಿಯ ಸೂಜಿ ನಿಂತಿತ್ತು.

ಕೋಪದ ಬೆನ್ನಿಗೇ ಕುತೂಹಲವೂ ಹೊಕ್ಕಿತು. ಯಾರ ಕೈ ಇದು? ಬೆಳಕಿಗೆ ಹಿಡಿದು ನೋಡಿದ. ಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ಗುಂಡಿಯ ಕಾಜಾ ನೋಡಿದ: ಅಲ್ಲೂ ಅದೇ ವಾಲು. ಕಾಜಾ ಹೊಲಿಯುವವಳು ಒಬ್ಬಳೇ, ಅವಳು ಎಡಚಿ.

ಅವನ ಕಿವಿಗಳು ಎಷ್ಟು ಬಿಸಿಯಾದವೆಂದರೆ ಅವುಗಳಿಂದ ಊರಿನ ಬಟ್ಟೆಗೆಲ್ಲ ಇಸ್ತ್ರಿ ಹಾಕಬಹುದಿತ್ತು. ಸೇದಿಹೋಗಲಿ ಅಂದದ್ದು ತನ್ನ ಮಾನ ಮುಚ್ಚಿದ ಕೈಗೆ.

“ಇದೊಂದೇನಾ?”

“ಎಲ್ಲಾನೂ. ನಿಮ್ಮ ಅಳತೆ ತಪ್ಪಿದ್ದನ್ನೆಲ್ಲ ಬಿಚ್ಚಿ ಸರಿಮಾಡ್ತೀನಿ.”

“ಬಾಯಿಬಿಟ್ಟು ಹೇಳೋಕೇನಾಗಿತ್ತೇ?”

“ಹೇಳಿದ್ನಲ್ರೀ, ಇದೇ ಕೋಟು ಹೊಲಿದಾಗ, ಭುಜ ಸಮ ಬಂದಿಲ್ಲ ಅಂತ. ನೀವು ‘ನನ್ನ ಹೊಲಿಗೆ ಸರಿಯಾಗಿದೆ, ಮೇಷ್ಟ್ರ ಭುಜಾನೇ ಸೊಟ್ಟ’ ಅಂದ್ಬಿಟ್ರಿ. ಅವರೆದುರಿಗೇ! ಪಾಪ, ಆವತ್ತಿಂದ ಭುಜ ತಿಕ್ಕಿಸ್ಕೊಳ್ತಾ ಡಾಕ್ಟರ ಮನೆ ಸುತ್ತುತಿದಾರೆ.”

ಬೈಯಲು ಬಾಯಿ ತೆರೆದ. ಬೈಗುಳ ನಾಲಿಗೆ ತುದಿಗೂ ಬಂದಿತ್ತು. ಆದರೆ ಹೊರಬಿದ್ದದ್ದು ಬೇರೆ: “ನಾನು ಎಲ್ಲಿ ತಪ್ತೀನಿ?”

ಅವಳು ಕನ್ನಡಿಗೆ ಬೆನ್ನು ಕೊಟ್ಟು ಅವನೆದುರು ನಿಂತಳು. “ಈಗ ನನ್ನ ಅಳತೆ ನೋಡಿ, ಕಣ್ಣಲ್ಲೇ.”

ನೋಡಿದ. ಅವಳ ಹಿಂದೆ, ಕನ್ನಡಿಯಲ್ಲಿ, ಒಬ್ಬ ಆಸಾಮಿ ಕತ್ತು ಪಕ್ಕಕ್ಕೆ ವಾಲಿಸಿ, ಹುಬ್ಬು ಹಾರಿಸಿ, ಲೋಕಕ್ಕೇ ಉಪಕಾರ ಮಾಡುವವನಂತೆ ನಿಂತಿದ್ದ. ಹಾಗೆ ನೋಡಿದರೆ ಯಾರ ಭುಜ ತಾನೇ ಸಮ ಕಂಡೀತು?

“ಜಂಬ ಬಂದಾಗೆಲ್ಲ ಹೀಗೇ ನಿಲ್ತೀರಿ,” ಅಂದಳು.

ಕತ್ತು ನೆಟ್ಟಗೆ ಮಾಡಿದ. ಆನೆ ಎತ್ತಿದವನಿಗೂ ಅಷ್ಟು ನೋವಾಗಿರಲಿಕ್ಕಿಲ್ಲ. ಗೂಟದಿಂದ ಟೇಪು ಬಿಚ್ಚಿದ. ಬಾಗಿಲು ದಢಾರನೆ ಬಡಿಯಿತು. ಅದನ್ನು ತಳ್ಳಿಕೊಂಡು ಹೊರಬಂದು, ಟೀ ಕುಡಿಯುತ್ತಿದ್ದವರ ನಡುವೆ ನಿಂತ.

“ಮೇಷ್ಟ್ರೇ, ನಿಮ್ಮ ಭುಜ ಸರಿಯಾಗೇ ಇದೆ. ಸೊಟ್ಟ ಇದ್ದದ್ದು ನನ್ನ ಕತ್ತು.”

ಏಳು ಬೀದಿಗೆ ಕೇಳಿಸುತ್ತಿದ್ದ ಗಂಟಲು ಅವನದು. ಈಗ ದನಿ ಅವನ ಮೀಸೆಯನ್ನೂ ದಾಟಲಿಲ್ಲ.

“ಏನಂದ್ರಿ? ಕೇಳಿಸ್ಲಿಲ್ಲ,” ಅಂದರು ಮೇಷ್ಟ್ರು.

ಕಣ್ಣಳತೆ ಟೇಪನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. ಇನ್ನೊಮ್ಮೆ ಹೇಳಿದ. ಈ ಸಲ ಬೀದಿಗೆಲ್ಲ ಕೇಳಿಸಿತು.